ಬೇಲಿಯ ಉಲಿಯಕ್ಕಿ, ಗದ್ದೆಯ ಉಲಿಯಕ್ಕಿ

ಗಣೇಶ ಚೌತಿ ಕಳೆದು ಮಳೆ ಸ್ವಲ್ಪ ಹೊಳವಾಗುವ ಹೊತ್ತಿಗೆ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ತೋಟದ ಬೇಲಿಗಳಲ್ಲಿ ಹೊಸದೊಂದು ಸದ್ದು ಸೇರಿಕೊಂಡಿರುತ್ತದೆ. ಎರಡು ಹರಳನ್ನು ಒಂದಕ್ಕೊಂದು ತಾಗಿಸಿದ ಹಾಗೆ ‘ಟೆಕ್... ಟೆಕ್...’ ಎಂದು, ಬಿಟ್ಟು ಬಿಟ್ಟು, ಬೆಳಗಿನಿಂದ ಸಂಜೆಯವರೆಗೂ. ದಾಸವಾಳದ ಬೇಲಿಯಲ್ಲಿ ಒಂದು, ಲಕ್ಕಿಗಿಡದ ಮಟ್ಟಿಯಲ್ಲಿ ಇನ್ನೊಂದು, ಕೊಟ್ಟಿಗೆಯ ಹಿಂದಿನ ಲಂಟಾನದಲ್ಲಿ ಮತ್ತೊಂದು. ಸದ್ದು ಮಾಡುವವರನ್ನು ನೋಡಹೋದರೆ ಎಲೆ ಅಲುಗುವುದಷ್ಟೇ ಕಾಣುತ್ತದೆ. ತಾಳ್ಮೆಯಿಂದ ನಿಂತವರಿಗೆ, ಗುಬ್ಬಿಗಿಂತ ಸಣ್ಣ, ಮಾಸಿದ ಕಂದು ಬಣ್ಣದ, ಉದ್ದ ಕೊಕ್ಕಿನ ಹಕ್ಕಿಯೊಂದು ಒಂದೆರಡು ಕ್ಷಣ ಮುಖ ತೋರಿಸಿ ಮರೆಯಾಗುತ್ತದೆ.

ಅದು ಬ್ಲೈತ್ ಜೊಂಡು ಉಲಿಯಕ್ಕಿ. ತೂಕ 10ರಿಂದ 12 ಗ್ರಾಂ ಆಸುಪಾಸು. ಮರಿ ಮಾಡುವುದು ಫಿನ್ಲೆಂಡ್, ಬಾಲ್ಟಿಕ್ ದೇಶಗಳಿಂದ ಹಿಡಿದು ರಷ್ಯಾದ ಉದ್ದಕ್ಕೂ ಸೈಬೀರಿಯಾದ ಒಳಗಿನವರೆಗೆ, ತೆಂಕಲಿಗೆ ಮಧ್ಯ ಏಷ್ಯಾದವರೆಗೆ. ಸೈಬೀರಿಯಾದ ಓಮ್ಸ್ಕ್ ನಗರದಿಂದ ಸಾಗರಕ್ಕೆ ಭೂಪಟದಲ್ಲಿ ನೇರ ಗೆರೆ ಎಳೆದರೆ ಸುಮಾರು 4,500 ಕಿಲೋಮೀಟರ್; ಫಿನ್ಲೆಂಡಿನ ದಕ್ಷಿಣ ಕರಾವಳಿಯಿಂದಾದರೆ 6,500. ಯುರೋಪಿನಿಂದ ದೂರ ವಲಸೆ ಹೋಗುವ ಹಾಡುಹಕ್ಕಿಗಳಲ್ಲಿ ಹೆಚ್ಚಿನವು ಚಳಿಗಾಲಕ್ಕೆ ಆಫ್ರಿಕದ ದಾರಿ ಹಿಡಿಯುತ್ತವೆ. ಇದು ಮಾತ್ರ ಆಗ್ನೇಯಕ್ಕೆ ತಿರುಗಿ ಭಾರತಕ್ಕೆ, ಶ್ರೀಲಂಕಾಕ್ಕೆ ಬರುತ್ತದೆ. ಇಪ್ಪತ್ತನೇ ಶತಮಾನದಲ್ಲಿ ಇದರ ಮರಿ ಮಾಡುವ ನೆಲೆ ಪಶ್ಚಿಮಕ್ಕೆ ಹರಡುತ್ತ ಹೋಯಿತು. ಹಾಗೆ ದೂರ ಹೋಗಿ ನೆಲೆಸಿದವೂ ಚಳಿಗಾಲಕ್ಕೆ ಹಿಂದಿನಂತೆ ಇತ್ತಲೇ ಬರುತ್ತಿವೆ.

ಇದರ ಹತ್ತಿರದ ಬಂಧು ಇನ್ನೊಂದಿದೆ: ಗದ್ದೆ ಉಲಿಯಕ್ಕಿ. ಕುಲ ಒಂದೇ, ಅಕ್ರೊಸೆಫಾಲಸ್. ಗಾತ್ರ ಹೆಚ್ಚುಕಡಿಮೆ ಒಂದೇ, 13 ಸೆಂಟಿಮೀಟರ್ ಸುತ್ತಮುತ್ತ. ಬೆನ್ನು ಕಂದು, ಹೊಟ್ಟೆ ಮಾಸಲು ಬಿಳಿ; ಮೈಮೇಲೆ ಪಟ್ಟೆಯಿಲ್ಲ, ಚುಕ್ಕೆಯಿಲ್ಲ, ಗಂಡಿಗೂ ಹೆಣ್ಣಿಗೂ ವ್ಯತ್ಯಾಸವಿಲ್ಲ. ಪುಸ್ತಕದ ಚಿತ್ರಪಟದಲ್ಲಿ ಇವೆರಡನ್ನೂ ಅಕ್ಕಪಕ್ಕ ಕಂಡು ಹೊಸಬರು ಪುಟ ಮಗುಚಿಬಿಡುವುದು ಸಹಜ. ಆದರೆ ಮಲೆನಾಡಿನ ನೆಲ ಗೊತ್ತಿದ್ದವರಿಗೆ ಇವನ್ನು ಬೇರ್ಪಡಿಸಲು ಗರಿ ನೋಡುವ ಮೊದಲೇ ಒಂದು ದಾರಿಯಿದೆ. ತಾನು ನಿಂತದ್ದು ಬೇಲಿಯ ಬದಿಯಲ್ಲೋ, ನೀರು ನಿಂತ ಗದ್ದೆಯ ಬದುವಿನಲ್ಲೋ ಎಂದು ನೋಡಿಕೊಂಡರೆ ಅರ್ಧ ಉತ್ತರ ಸಿಕ್ಕಿತು. ಈ ಎರಡು ಹಕ್ಕಿಗಳ ನಿಜವಾದ ಭೇದ ಅವು ಆರಿಸಿಕೊಂಡ ನೆಲದಲ್ಲಿದೆ. ಗರಿಯ ಭೇದ ಅದರ ನಂತರದ್ದು ಎಂಬುದು ನನ್ನ ನಂಬಿಕೆ.

ಎರಡಕ್ಕೂ ವಿಜ್ಞಾನದ ಹೆಸರು ಸಿಕ್ಕಿದ್ದು ನಾಲ್ಕೇ ವರ್ಷಗಳ ಅಂತರದಲ್ಲಿ, ಅದೂ ಅವು ಚಳಿಗಾಲ ಕಳೆಯುವ ಈ ದೇಶದಲ್ಲಿ ಕೆಲಸ ಮಾಡಿದವರಿಂದ. ಮದರಾಸು ಸೇನೆಯಲ್ಲಿ ವೈದ್ಯರಾಗಿದ್ದ ಥಾಮಸ್ ಜೆರ್ಡನ್ 1845ರಲ್ಲಿ ಗದ್ದೆ ಉಲಿಯಕ್ಕಿಯನ್ನು ವರ್ಣಿಸಿದರು. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ 1849ರಲ್ಲಿ ಇನ್ನೊಂದನ್ನು ವರ್ಣಿಸಿದರು. ಜೆರ್ಡನ್ ತಮ್ಮ ಹಕ್ಕಿಗೆ ಒಕ್ಕಲಿಗನೆಂಬ ಅರ್ಥದ ಲ್ಯಾಟಿನ್ ಹೆಸರಿಟ್ಟರು, ಬ್ಲೈತ್ ತಮ್ಮದಕ್ಕೆ ಪೊದೆಯ ಹೆಸರಿಟ್ಟರು. ದುರ್ಬೀನು ಹಿಡಿದು ಹಕ್ಕಿ ನೋಡುವ ಕಾಲ ಅದಲ್ಲ. ಕೋವಿಯಿಂದ ಹೊಡೆದು ಕೈಯಲ್ಲಿ ಹಿಡಿದು ಅಳೆಯುತ್ತಿದ್ದ ಕಾಲ. ಆದರೂ ಇಬ್ಬರೂ ಹೆಸರಿಡುವಾಗ ಮೊದಲು ಗಮನಕ್ಕೆ ತಂದುಕೊಂಡದ್ದು ಹಕ್ಕಿ ಎಲ್ಲಿತ್ತು ಎಂಬುದನ್ನೇ.

ಇನ್ನು ಮುಖಪರಿಚಯ. ಮೊದಲು ಹುಬ್ಬು ನೋಡಬೇಕು. ಗದ್ದೆ ಉಲಿಯಕ್ಕಿಗೆ ಕೊಕ್ಕಿನ ಬುಡದಿಂದ ಹೊರಟ ಬಿಳಿ ಹುಬ್ಬು ಕಣ್ಣನ್ನು ದಾಟಿ ಹಿಂದಕ್ಕೆ ಹೋಗುತ್ತದೆ, ಕಣ್ಣಿನ ಹಿಂದೆ ಇನ್ನಷ್ಟು ಅಗಲವಾಗುತ್ತದೆ. ಅದರ ಮೇಲಂಚಿಗೆ ನೆತ್ತಿಯ ಕಡೆಯಿಂದ ಕಪ್ಪುಛಾಯೆಯ ಒಂದು ಗೆರೆ ಇರುವುದರಿಂದ ಬಿಳಿ ಎದ್ದು ಕಾಣುತ್ತದೆ. ಬ್ಲೈತ್ ಉಲಿಯಕ್ಕಿಯ ಹುಬ್ಬು ಕೊಕ್ಕಿಗೂ ಕಣ್ಣಿಗೂ ನಡುವೆ ಮಾತ್ರ ತಕ್ಕಮಟ್ಟಿಗೆ ಸ್ಪಷ್ಟ. ಕಣ್ಣು ದಾಟಿದ ಮೇಲೆ ಮಸುಕಾಗಿ ಇಲ್ಲವಾಗುತ್ತದೆ. ಹೀಗಾಗಿ ಒಂದರ ಮುಖ ಚುರುಕಾಗಿ, ಇನ್ನೊಂದರದ್ದು ಸಪ್ಪೆಯಾಗಿ ಕಾಣುತ್ತದೆ. ಬೇಲಿಯಲ್ಲಿ ಒಂದೇ ಕ್ಷಣ ಸಿಕ್ಕಿದರೂ ಕಣ್ಣಿನ ಹಿಂಭಾಗ ನೋಡಿಕೊಳ್ಳಿ ಎಂದು ನಾನು ಹೇಳುವುದು ಇದಕ್ಕೇ.

ಎರಡನೆಯದು ಕೊಕ್ಕು. ಬ್ಲೈತ್‌ನದ್ದು ಉದ್ದ, ಕೆಳದವಡೆ ಬಹುತೇಕ ತಿಳಿಬಣ್ಣ. ಗದ್ದೆಯದ್ದು ಗಿಡ್ಡ, ಕೆಳದವಡೆಯ ತುದಿಗೆ ಮಸಿ ತಾಗಿದಂಥ ಕಪ್ಪು. ಬಣ್ಣದಲ್ಲಿ ಗದ್ದೆ ಉಲಿಯಕ್ಕಿ ಹೆಚ್ಚು ಕೆಂಪುಮಿಶ್ರಿತ ಕಂದು, ಅದರಲ್ಲೂ ಬಾಲದ ಬುಡದ ಮೇಲೆ. ಬ್ಲೈತ್ ಉಲಿಯಕ್ಕಿ ಬೂದು ಬೆರೆತ ತಣ್ಣನೆಯ ಕಂದು, ತಲೆಯಿಂದ ಬಾಲದವರೆಗೆ ಒಂದೇ ಸಮ. ಆದರೆ ಬಣ್ಣವನ್ನು ನೆಚ್ಚಬಾರದು. ಸವೆದ ಗರಿ ಬೇರೆ ಬಣ್ಣ ತೋರಿಸುತ್ತದೆ, ಅಡಿಕೆ ತೋಟದ ಹಸುರು ನೆರಳು ಇನ್ನೊಂದು ತೋರಿಸುತ್ತದೆ. ಫೋಟೊ ಇದೆಯಲ್ಲ ಎಂದು ನಿಶ್ಚಿಂತರಾಗುವವರು ಈ ಗುಂಪಿನ ಹಕ್ಕಿಗಳಲ್ಲಿ ಎಡವುವುದು ಇಲ್ಲಿಯೇ: ಕ್ಯಾಮೆರಾ ಬೆಳಕಿಗೆ ತಕ್ಕ ಬಣ್ಣವನ್ನು ಹಿಡಿದು ಕೊಡುತ್ತದೆ, ಗರಿಯ ಬಣ್ಣವನ್ನಲ್ಲ.

ಮೂರನೆಯದು ನಡತೆ. ಗದ್ದೆ ಉಲಿಯಕ್ಕಿಯ ಬಾಲ ಮೈಗೆ ಹೋಲಿಸಿದರೆ ಉದ್ದ; ಅದನ್ನು ಮೇಲಕ್ಕೆತ್ತಿ ಝಾಡಿಸುತ್ತಲೇ ಇರುತ್ತದೆ, ಗಾಬರಿಯಾದರೆ ನೆತ್ತಿಯ ಗರಿಯನ್ನು ನಿಮಿರಿಸುತ್ತದೆ. ನೆಲದಿಂದ ಬಹಳ ಎತ್ತರಕ್ಕೆ ಹೋಗುವುದಿಲ್ಲ. ನೀರಂಚಿನ ಹುಲ್ಲಿನ ದಂಟನ್ನು ಓರೆಯಾಗಿ ಹಿಡಿದು, ದಂಟಿನಿಂದ ದಂಟಿಗೆ ಜಿಗಿದು, ಕೆಲವೊಮ್ಮೆ ಕೆಸರಿಗೇ ಇಳಿದು ಹುಳು ಹೆಕ್ಕುತ್ತದೆ. ಬ್ಲೈತ್ ಉಲಿಯಕ್ಕಿ ಪೊದೆಯೊಳಗೆ ಮೈಯನ್ನು ನೆಲಕ್ಕೆ ಸಮವಾಗಿ ಚಾಚಿಕೊಂಡು ನುಸುಳುತ್ತದೆ, ಮನಸ್ಸಾದರೆ ಮಾವಿನ ಮರದ ಕೊಂಬೆಯವರೆಗೂ ಏರುತ್ತದೆ. ಕೂಗು ಕೇಳಿದರಂತೂ ಅನುಮಾನ ಬಹಳ ಕಡಿಮೆ: ಇದರ ‘ಟೆಕ್’ ಗಟ್ಟಿ ಮತ್ತು ಒಣ, ಗದ್ದೆಯ ಹಕ್ಕಿಯ ‘ಚಕ್’ ಮೆತ್ತಗೆ, ನಡುನಡುವೆ ‘ಚರ್ರ್’ ಎಂಬ ಗೊರಗು.

ಈ ಗದ್ದಲಕ್ಕೆ ಇನ್ನಷ್ಟು ಜನ ಸೇರುತ್ತಾರೆ. ದಪ್ಪ ಕೊಕ್ಕಿನ ಉಲಿಯಕ್ಕಿ ಮಲೆನಾಡಿನ ಮಟ್ಟಿಗಳಿಗೆ ಬರುತ್ತದೆ, ಆದರೆ ಅದು ದೊಡ್ಡದು ಮತ್ತು ಹುಬ್ಬೇ ಇಲ್ಲದ್ದು. ಕೆರೆಯ ಆಪಿನಲ್ಲಿ ದೊಡ್ಡ ಗಂಟಲಲ್ಲಿ ಕಿರುಚಾಡುವ ಜೊಂಡು ಉಲಿಯಕ್ಕಿ ಇನ್ನೊಂದು ಜಾತಿ, ಗಾತ್ರದಿಂದಲೇ ಬೇರೆ. ವರ್ಷವಿಡೀ ಇಲ್ಲೇ ಇರುವ ಸಿಂಪಿಗನನ್ನು ಅದರ ಕೆಂಪು ನೆತ್ತಿ ಹೇಳಿಕೊಡುತ್ತದೆ. ಇವು ತೊಡಕಲ್ಲ. ತೊಡಕಾಗುವುದು ನಮ್ಮ ಜೋಡಿಯೇ.

ಈಗ ನೆಲಕ್ಕೆ ಬರೋಣ. ಹಳೆಯ ಬಿದನೂರು, ಅಂದರೆ ಇಂದಿನ ನಗರದ ಕೋಟೆಯ ಮೇಲೆ ನಿಂತು ನೋಡಿದರೆ ಈ ಸೀಮೆಯ ಜೋಡಣೆ ಅರ್ಥವಾಗುತ್ತದೆ. ಗುಡ್ಡದ ತಲೆಯ ಮೇಲೆ ಕಾಡು, ಅದರ ಕೆಳಗೆ ಸೊಪ್ಪಿನಬೆಟ್ಟ ಮತ್ತು ಬ್ಯಾಣ, ಕಣಿವೆಯ ತಂಪಿನಲ್ಲಿ ಅಡಿಕೆ ತೋಟ, ತೋಟದ ಕೆಳಗೋ ಪಕ್ಕದಲ್ಲೋ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ, ಕೊನೆಗೆ ಹಳ್ಳ. ತೀರ್ಥಹಳ್ಳಿಯ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಹೊಸನಗರ ಹಾದು ಸಾಗರದತ್ತ ಹೋಗುವ ಉದ್ದಕ್ಕೂ ಇದೇ ವಿನ್ಯಾಸ. ಸಾಗರದ ಪೂರ್ವಕ್ಕೆ, ಆನಂದಪುರದತ್ತ ಹೋದಂತೆ ಗದ್ದೆಬಯಲು ಅಗಲವಾಗುತ್ತದೆ, ಕೆರೆಗಳು ಹೆಚ್ಚುತ್ತವೆ. ತೀರ್ಥಹಳ್ಳಿಯಿಂದ ಆಗುಂಬೆಯತ್ತ ಹೋದಂತೆ ಗದ್ದೆಗಳು ಕಿರಿದಾಗಿ ಕಾಡಿನೊಳಗಿನ ತುಂಡುಗಳಾಗುತ್ತವೆ.

ಬ್ಲೈತ್ ಉಲಿಯಕ್ಕಿ ಈ ಜೋಡಣೆಯಲ್ಲಿ ಅಂಚುಗಳನ್ನು ಹಿಡಿದಿದೆ. ಕಾಡಿಗೂ ಬ್ಯಾಣಕ್ಕೂ ನಡುವಿನ ಮಟ್ಟಿ, ತೋಟದ ಅಗಳದ ಮೇಲಿನ ಹಳು, ಮನೆಯ ಹಿತ್ತಿಲು, ರಸ್ತೆ ಬದಿಯ ಧರೆಯ ಮೇಲಿನ ಗಿಡಗಂಟಿ. ಹೆಸರಿನಲ್ಲಿ ಜೊಂಡು ಇದ್ದರೂ ಜೊಂಡಿನ ಹಂಗು ಅದಕ್ಕಿಲ್ಲ. ಚಳಿಗಾಲದ ಉದ್ದಕ್ಕೂ ಒಂದೊಂದು ಹಕ್ಕಿ ತನ್ನದೇ ಒಂದು ತುಂಡು ಪೊದೆಯನ್ನು ಕಾಯುತ್ತದೆ. ಆ ದಿನವಿಡೀ ‘ಟೆಕ್’ ಎನ್ನುವುದು ಪಕ್ಕದ ಬೇಲಿಯವನಿಗೆ ಈ ಕಡೆ ಬರಬೇಡವೆಂಬ ಎಚ್ಚರಿಕೆ. ಕಾಲಿಗೆ ಉಂಗುರ ತೊಡಿಸಿದ ಹಕ್ಕಿಗಳು ಮರುವರ್ಷ ಅದೇ ಜಾಗಕ್ಕೆ ಮರಳಿದ್ದು ದಾಖಲಾಗಿದೆ. ಗರಿ ಬದಲಿಸುವ ಕಷ್ಟದ ಕೆಲಸವನ್ನೂ ಪ್ರಾಯದ ಹಕ್ಕಿಗಳು ಇಲ್ಲಿಗೆ ಬಂದ ಮೇಲೆಯೇ ಮಾಡಿಕೊಳ್ಳುತ್ತವೆ. ವರ್ಷದಲ್ಲಿ ಏಳೆಂಟು ತಿಂಗಳು ಇಲ್ಲಿದ್ದು, ಮರಿ ಮಾಡಲಷ್ಟೇ ಉತ್ತರಕ್ಕೆ ಹೋಗಿಬರುವ ಈ ಹಕ್ಕಿಯನ್ನು ಅತಿಥಿ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಅದು ಈ ಊರಿನದ್ದು.

ಗದ್ದೆ ಉಲಿಯಕ್ಕಿ ಬರುವುದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ. ಅದರ ಮೂಲ ಕಪ್ಪು ಸಮುದ್ರದ ದಂಡೆ, ಡ್ಯಾನ್ಯೂಬ್ ನದಿಯ ಮುಖಜಭೂಮಿಯಿಂದ ಕಜಕಸ್ತಾನದ ಜೌಗುಗಳನ್ನು ಹಾದು ಮಂಗೋಲಿಯದವರೆಗೆ; ಹುಟ್ಟಿದ್ದೂ ಜೊಂಡಿನಲ್ಲಿ, ಇಲ್ಲಿಗೆ ಬಂದರೂ ಹುಡುಕುವುದು ಜೊಂಡಿನಂಥ ಜಾಗವನ್ನೇ. ಬಯಲುಸೀಮೆಯ ಕೆರೆ, ಭತ್ತದ ಬಯಲುಗಳಲ್ಲಿ ಸಿಗುವಷ್ಟು ಮಲೆನಾಡಿನಲ್ಲಿ ಸಿಗುವ ಹಕ್ಕಿ ಇದಲ್ಲ. ಇಲ್ಲಿ ನೋಡಬೇಕೆಂದರೆ ಸರಿಯಾದ ಕಾಲ ಭೂಮಿ ಹುಣ್ಣಿಮೆಯ ಆಚೀಚೆ. ದೀವರ ಹೆಂಗಸರು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಎಡೆ ತುಂಬಿ, ಬಸಿರಿಯಾದ ಭೂಮಿಗೆ ಬಯಕೆ ಬಡಿಸಲು ಮನೆಯವರೆಲ್ಲ ನಸುಕಿನಲ್ಲೇ ಗದ್ದೆಗೆ ಹೊರಡುವ ಹೊತ್ತು ಅದು. ಆಗ ಪೈರು ಎದೆಯೆತ್ತರ, ಬುಡದಲ್ಲಿ ಇನ್ನೂ ನೀರು, ಬದುವಿನಲ್ಲಿ ಕತ್ತಿ ಕಾಣದ ಹುಲ್ಲು, ಹುಲ್ಲಿನ ತುಂಬ ಹುಳು. ಹಕ್ಕಿಗೆ ಬೇಕಾದದ್ದೆಲ್ಲ ಒಂದೇ ಕಡೆ. ಕೊಯ್ಲು ಮುಗಿದು ಬಯಲು ಒಣಗಿದ ಮೇಲೆ ಅದು ಕೆರೆಯ ಹಿಂಬದಿಗೆ, ಹಳ್ಳದ ಆಪಿನ ತುಂಡಿಗೆ ಸರಿದುಕೊಳ್ಳಬೇಕು. ಲಿಂಗನಮಕ್ಕಿ ಹಿನ್ನೀರು ಇಳಿದಂತೆ ದಂಡೆಯಲ್ಲಿ ಹುಲ್ಲು ಬರುವ ಜೌಗುಗಳನ್ನೂ ನೋಡಿ ಎಂದು ಹಕ್ಕಿನೋಟಗಾರರಿಗೆ ಹೇಳಬಯಸುತ್ತೇನೆ.

ಇಷ್ಟು ಸೂಕ್ಷ್ಮ ಭೇದ ತಿಳಿದು ಏನಾಗಬೇಕು ಎಂದು ಕೇಳುವವರಿಗೆ ಸಾಗರದ್ದೇ ಒಂದು ಕಥೆಯಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು, ಹಿಂದೆಯೇ ಜನ ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ರೋಗಾಣುವನ್ನು ಬೇರ್ಪಡಿಸಿ ನೋಡಿದಾಗ ಅದು ರಷ್ಯಾ, ಸೈಬೀರಿಯಾಗಳ ಉಣ್ಣೆಜ್ವರದ ವೈರಸ್‌ಗಳ ಬಂಧುವೆಂದು ತಿಳಿಯಿತು. ಅವುಗಳಲ್ಲಿ ಒಂದಕ್ಕೆ ಓಮ್ಸ್ಕ್ ಊರಿನ ಹೆಸರೇ ಇದೆ. ಅಷ್ಟು ದೂರದ ರೋಗದ ಬಂಧು ಶಿವಮೊಗ್ಗದ ಕಾಡಿಗೆ ಬಂದದ್ದು ಹೇಗೆ? ವಲಸೆ ಹಕ್ಕಿಗಳ ಮೈಮೇಲಿನ ಉಣ್ಣೆಗಳ ಮೂಲಕವೇ ಎಂಬ ಅನುಮಾನ ಎದ್ದಿತು. ಸಾಗರದಲ್ಲಿ ಆ ಸಂಶೋಧನಾ ಕೇಂದ್ರದ ಕ್ಷೇತ್ರ ಠಾಣೆ ಕೆಲಸ ಆರಂಭಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ದೇಶದ ನಾನಾ ಕಡೆ ಬಲೆ ಕಟ್ಟಿ, ಹಕ್ಕಿ ಹಿಡಿದು, ಉಂಗುರ ತೊಡಿಸುವ ದೊಡ್ಡ ಕಾರ್ಯಕ್ರಮ ನಡೆಸಿತು.

ಈ ಪ್ರಶ್ನೆಯ ಮುಂದೆ ನಮ್ಮ ಜೋಡಿಯನ್ನು ಇಟ್ಟು ನೋಡಿ. ಬ್ಲೈತ್ ಉಲಿಯಕ್ಕಿ ಓಮ್ಸ್ಕ್ ಸುತ್ತಲೂ ಮರಿ ಮಾಡುವ ಹಕ್ಕಿ. ಇಲ್ಲಿ ಕಾಡಿನಂಚಿನ ಮಟ್ಟಿಯಲ್ಲಿ, ಉಣ್ಣೆಯಿರುವ ಎತ್ತರದಲ್ಲೇ ಓಡಾಡುತ್ತದೆ. ಗದ್ದೆಯ ಹಕ್ಕಿ ಕಾಡಿಗೆ ಕಾಲಿಡುವುದೇ ಇಲ್ಲ. ಬಲೆಗೆ ಬಿದ್ದದ್ದು ಯಾವುದು ಎಂದು ತಪ್ಪು ಬರೆದುಕೊಂಡರೆ ಉಣ್ಣೆ ಎಲ್ಲಿಯದು, ರಕ್ತಪರೀಕ್ಷೆಯ ಫಲಿತಾಂಶ ಯಾವ ದಾರಿಯದು ಎಂಬುದೆಲ್ಲ ತಪ್ಪು. ಹಕ್ಕಿಗಳು ವೈರಸ್ಸನ್ನು ಹೊತ್ತು ತಂದವೆಂಬುದಕ್ಕೆ ಕೊನೆಗೂ ಪುರಾವೆ ಸಿಗಲಿಲ್ಲ. ಕಾಯಿಲೆ ಇಲ್ಲಿನ ಉಣ್ಣೆ, ಇಲ್ಲಿನ ಸಣ್ಣ ಪ್ರಾಣಿಗಳ ನಡುವೆಯೇ ಸುತ್ತುತ್ತಿರುವುದು ಸ್ಪಷ್ಟವಾಯಿತು. ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ 2019ರ ಸುಮಾರಿಗೆ ಅದು ಮಾಡಿದ ಅನಾಹುತ ನಮ್ಮೆಲ್ಲರ ನೆನಪಿನಲ್ಲಿದೆ. ಹಕ್ಕಿಗಳ ಮೇಲಿನ ಅನುಮಾನ ರುಜುವಾಗಲಿಲ್ಲ, ಆದರೆ ಆ ಅನುಮಾನದಿಂದ ಹುಟ್ಟಿದ ಉಂಗುರದ ಕೆಲಸ ಭಾರತದ ವಲಸೆಹಕ್ಕಿಗಳ ಅಧ್ಯಯನಕ್ಕೇ ತಳಹದಿಯಾಯಿತು. ಮಲೆನಾಡಿನ ಒಂದು ಕಾಯಿಲೆಗೆ ಹಕ್ಕಿಶಾಸ್ತ್ರ ಇಷ್ಟು ಋಣಿಯೆಂದು ನಮ್ಮಲ್ಲೇ ಬಹಳ ಜನರಿಗೆ ತಿಳಿಯದು.

ಹತ್ತಿರದ ಬಂಧುಗಳನ್ನು ಬೇರ್ಪಡಿಸದೆ ಹೋದರೆ ಒಂದು ಜಾತಿಯೇ ಕಣ್ಮರೆಯಾಗಬಹುದು ಎಂಬುದಕ್ಕೆ ಈ ಕುಲದಲ್ಲೇ ನಿದರ್ಶನವಿದೆ. 1867ರ ನವೆಂಬರಿನಲ್ಲಿ ಅಲನ್ ಆಕ್ಟೇವಿಯನ್ ಹ್ಯೂಮ್, ಮುಂದೆ ಕಾಂಗ್ರೆಸ್ ಸ್ಥಾಪಿಸಿದವರು, ಹಿಮಾಲಯದ ಸಟ್ಲೆಜ್ ಕಣಿವೆಯ ರಾಮಪುರದ ಹತ್ತಿರ ಒಂದು ಉಲಿಯಕ್ಕಿಯನ್ನು ಸಂಗ್ರಹಿಸಿದರು. ನೋಡಲು ಬ್ಲೈತ್ ಉಲಿಯಕ್ಕಿಯ ಹಾಗೆಯೇ, ಕೊಕ್ಕು ಮಾತ್ರ ಇನ್ನೂ ಉದ್ದ. ಆಮೇಲೆ ಅಂಥದ್ದು ಯಾರ ಕೈಗೂ ಸಿಗಲಿಲ್ಲ. ಅದು ಬೇರೆ ಜಾತಿಯೋ, ಯಾವುದೋ ವಿಚಿತ್ರ ಹಕ್ಕಿಯೋ ಎಂಬ ಚರ್ಚೆ ಒಂದು ಶತಮಾನಕ್ಕೂ ಹೆಚ್ಚು ಕಾಲ ನಡೆಯಿತು. 2002ರಲ್ಲಿ ಆ ಒಂದೇ ಚರ್ಮದ ಮಾದರಿಯ ಡಿಎನ್ಎ ಪರೀಕ್ಷಿಸಿ ಅದು ಪ್ರತ್ಯೇಕ ಜಾತಿಯೆಂದು ಖಚಿತಪಡಿಸಲಾಯಿತು. 2006ರ ಮಾರ್ಚ್ 27ರಂದು ಥಾಯ್ಲೆಂಡಿನಲ್ಲಿ, ಕೊಳಚೆನೀರು ಶುದ್ಧೀಕರಿಸುವ ಕೇಂದ್ರವೊಂದರಲ್ಲಿ ಉಂಗುರ ತೊಡಿಸುತ್ತಿದ್ದ ಫಿಲಿಪ್ ರೌಂಡ್ ಅವರ ಕೈಗೆ ಉದ್ದ ಕೊಕ್ಕಿನ, ಗಿಡ್ಡ ರೆಕ್ಕೆಯ ಒಂದು ಹಕ್ಕಿ ಬಂತು. ಅನುಮಾನ ಬಂದು ಅವರು ಅದರ ಗರಿಯನ್ನು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಹ್ಯೂಮ್ ಅವರ ಹಕ್ಕಿ 139 ವರ್ಷಗಳ ಮೇಲೆ ಜೀವಂತ ಸಿಕ್ಕಿತ್ತು.

ನನ್ನನ್ನು ಹೆಚ್ಚು ಕಾಡುವುದು ಇದರ ಮುಂದಿನ ಭಾಗ. ಸಿಕ್ಕಿದ ಮೇಲೆ ಪರಿಣತರು ವಸ್ತುಸಂಗ್ರಹಾಲಯಗಳ ಡ್ರಾಯರುಗಳನ್ನು ಹೊಸ ಕಣ್ಣಿನಿಂದ ತೆರೆದು ನೋಡಿದರು. ಬೇರೆ ಹೆಸರಿನ ಚೀಟಿ ಕಟ್ಟಿಸಿಕೊಂಡು ಮಲಗಿದ್ದ ಅದೇ ಜಾತಿಯ ಹತ್ತು ಮಾದರಿಗಳು 2008ರಲ್ಲಿ ವರದಿಯಾದವು. ಹಕ್ಕಿ ಕಳೆದುಹೋಗಿರಲಿಲ್ಲ, ಬ್ಲೈತ್ ಉಲಿಯಕ್ಕಿಯಂಥ ಬಂಧುಗಳ ಹೆಸರಿನ ಕೆಳಗೆ ಮರೆಯಾಗಿತ್ತು. ಅದು ಮರಿ ಮಾಡುವ ನೆಲೆಯೂ ಅದೇ ಸುಮಾರಿಗೆ ಅಫ್ಘಾನಿಸ್ತಾನದ ವಖಾನ್ ಕಣಿವೆಯಲ್ಲಿ ಪತ್ತೆಯಾಯಿತು. ‘ಯಾವುದೋ ಕಂದು ಹಕ್ಕಿ’ ಎಂದು ಬರೆದು ಮುಗಿಸುವ ಮುನ್ನ ಈ ಹತ್ತು ಮಾದರಿಗಳು ನೆನಪಿಗೆ ಬರಬೇಕು.

ಮಲೆನಾಡಿನ ಇಂದಿನ ಸ್ಥಿತಿಗೆ ಬಂದರೆ, ನಮ್ಮ ಜೋಡಿಯ ಅದೃಷ್ಟ ಒಂದೇ ಆಗಿ ಉಳಿದಿಲ್ಲ. ಗದ್ದೆಗಳು ತೋಟವಾಗುತ್ತಿವೆ. ಕಾರಣ ಎಲ್ಲರಿಗೂ ಗೊತ್ತು: ನಾಟಿಗೆ, ಕೊಯ್ಲಿಗೆ ಆಳು ಸಿಗುವುದಿಲ್ಲ, ಭತ್ತ ಕೊಟ್ಟದ್ದು ಖರ್ಚಿಗೂ ಸಾಲದು, ಹಂದಿ, ಮಂಗಗಳ ಕಾಟ ಬೇರೆ, ಅಡಿಕೆಗೆ ಧಾರಣೆ ಇದೆ. ಗದ್ದೆಗೆ ಮಣ್ಣು ತುಂಬಿ, ಬಸಿಗಾಲುವೆ ತೆಗೆದು, ಅಡಿಕೆ ಸಸಿ ಇಟ್ಟರೆ ನಾಲ್ಕೈದು ವರ್ಷದಲ್ಲಿ ಬಯಲಿನ ಮುಖವೇ ಬದಲು. ಹಾಗೆ ಮಾಡುವ ರೈತನನ್ನು ದೂರುವ ಮನಸ್ಸು ನನಗಿಲ್ಲ. ಗದ್ದೆಯನ್ನು ನಷ್ಟದಲ್ಲಿ ಉಳಿಸಿಕೊಳ್ಳಿ ಎಂದು ಹೊರಗಿನವರು ಹೇಳುವುದು ನ್ಯಾಯವಲ್ಲ. ಆದರೆ ಆಗುತ್ತಿರುವುದನ್ನು ಸ್ಪಷ್ಟವಾಗಿ ಹೇಳಬೇಕು. ನೀರು ನಿಲ್ಲುವ ಹುಲ್ಲುಬಯಲು ಹೋದಲ್ಲಿ ಗದ್ದೆ ಉಲಿಯಕ್ಕಿಗೆ ಬದಲಿ ಜಾಗವಿಲ್ಲ. ಬ್ಲೈತ್ ಉಲಿಯಕ್ಕಿಗೆ ಹೊಸ ತೋಟದ ಸುತ್ತ ಹೊಸ ಬೇಲಿ ಸಿಗುತ್ತದೆ.

ಬೇಲಿ ಅಂದೆ, ಅದೂ ಎಂಥ ಬೇಲಿ ಎಂಬುದರ ಮೇಲೆ ನಿಂತಿದೆ. ದಾಸವಾಳ, ಲಕ್ಕಿ, ಗೊಬ್ಬರದ ಗಿಡ, ಮುಂಡಿಗೆ ಸೇರಿ ಬೆಳೆದ ಹಸಿರುಬೇಲಿ ಹುಳುಗಳ ಮನೆ, ಆದ್ದರಿಂದ ಹಕ್ಕಿಯ ಉಗ್ರಾಣ. ಸಿಮೆಂಟು ಕಂಬ ನೆಟ್ಟು ತಂತಿ ಎಳೆದಲ್ಲಿ, ಬುಡಕ್ಕೆ ಕಳೆನಾಶಕ ಹೊಡೆದಲ್ಲಿ ‘ಟೆಕ್’ ಕೇಳಿಸುವುದಿಲ್ಲ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ಮುಖ್ಯ ಕಾಲ ಈ ಹಕ್ಕಿ ಬರುವ ಮೊದಲೇ ಮುಗಿದಿರುತ್ತದೆ, ಕಳೆನಾಶಕದ ಕಾಲ ಹಾಗಲ್ಲ. ಬೇಲಿಯ ಹಳುವನ್ನು ವರ್ಷಕ್ಕೊಮ್ಮೆ ಕತ್ತಿಯಲ್ಲಿ ಸವರುವ ಹಳೆಯ ಪದ್ಧತಿಗೆ ಖರ್ಚು ಹೆಚ್ಚಿರಬಹುದು. ಮಣ್ಣು ಹಿಡಿಯುವುದಕ್ಕೆ, ಸೊಪ್ಪಿಗೆ, ಹುಳು ತಿನ್ನುವ ಹಕ್ಕಿಗೆ ಅದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಗೊತ್ತಿಲ್ಲ.

ಮುಂದಿನ ತಿಂಗಳುಗಳಲ್ಲಿ ನೋಡಹೋಗುವವರಿಗೆ ಒಂದೆರಡು ಮಾತು. ಫೆಬ್ರವರಿ ದಾಟಿದ ಮೇಲೆ ಗರಿ ಸವೆದು, ಗದ್ದೆ ಉಲಿಯಕ್ಕಿಯ ಕೆಂಪುಛಾಯೆ ಮಾಸಿ ಅದೂ ಬೂದಾಗಿ ಕಾಣಬಹುದು. ಆಗ ಹುಬ್ಬು ಮತ್ತು ಕೊಕ್ಕಿನ ತುದಿ ಮಾತ್ರ ನಂಬಿಕೆಗೆ ಅರ್ಹ. ಮಾರ್ಚ್ ಕೊನೆಯಿಂದ ಬ್ಲೈತ್ ಉಲಿಯಕ್ಕಿ ಹೊರಡುವ ಮುನ್ನ ಪೊದೆಯೊಳಗೇ ಕೂತು ತಗ್ಗಿದ ದನಿಯಲ್ಲಿ ಹಾಡತೊಡಗುತ್ತದೆ. ಒಂದು ನುಡಿಯನ್ನು ನಾಲ್ಕೈದು ಸಲ ಹೇಳಿ, ನಿಂತು, ಮುಂದಿನದಕ್ಕೆ ಹೋಗುವ ಹಾಡು. ಬೇರೆ ಹಕ್ಕಿಗಳ ದನಿಯನ್ನು ಅಣಕಿಸುವುದರಲ್ಲಿ ಇದು ಗಟ್ಟಿಗ, ಉತ್ತರದ ನಾಡಿನಲ್ಲಿ ಇಡೀ ರಾತ್ರಿ ಹಾಡುವುದೂ ಇದನ್ನೇ. ಏಪ್ರಿಲ್ ಮುಗಿಯುವ ಹೊತ್ತಿಗೆ ಹೆಚ್ಚಿನವು ಹೊರಟಿರುತ್ತವೆ. ಹಕ್ಕಿನೋಟ ದಾಖಲಿಸುವ ಇ-ಬರ್ಡ್‌ನಲ್ಲಿ ಪಟ್ಟಿ ಹಾಕುವಾಗ ಹೆಸರಿನ ಜೊತೆ ಹಕ್ಕಿ ಕಂಡ ಜಾಗವನ್ನೂ ಬರೆಯಿರಿ: ಹಸಿರುಬೇಲಿಯೋ ತಂತಿಬೇಲಿಯೋ, ಗದ್ದೆಯಲ್ಲಿ ನೀರಿತ್ತೋ ಇಲ್ಲವೋ, ಪಕ್ಕದ ಗದ್ದೆ ತೋಟವಾಗಿದೆಯೋ ಎಂದು. ಹತ್ತು ವರ್ಷಗಳ ಮೇಲೆ ಆನಂದಪುರದಿಂದ ಆಗುಂಬೆಯವರೆಗೆ ಈ ಎರಡು ಹಕ್ಕಿಗಳಲ್ಲಿ ಯಾವುದು ಎಲ್ಲಿ ಉಳಿಯಿತು ಎಂದು ಲೆಕ್ಕ ಹಾಕಲು ಕೂರುವವರಿಗೆ ಆ ಒಂದು ಸಾಲು ಬೇಕಾಗುತ್ತದೆ.